ಬೆನ್ನುಹುರಿಯ ಕಲೆಗಳನ್ನು ಓದಿದ ವೈದ್ಯ ಶಾರ್ಕೋ

ಗಡಿ ದಾಟಿ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಬರುವವರ ಕಂಕುಳಲ್ಲಿ ದೊಡ್ಡದೊಂದು ಲಕೋಟೆ ಇರುವುದನ್ನು ನಾವೆಲ್ಲ ಬಸ್ಸಿನಲ್ಲಿ ನೋಡಿದ್ದೇವೆ. ಒಳಗೆ ಕಪ್ಪು ಫಿಲ್ಮು, ಅದರ ತುಂಬ ಬೂದುಬಣ್ಣದ ಚಿತ್ರಗಳು, ಜೊತೆಗೆ ಇಂಗ್ಲಿಷಿನಲ್ಲಿ ಒಂದು ವರದಿ. ಎಂ.ಆರ್.ಐ. ಎಂಬ ಮೂರಕ್ಷರ ಈಗ ಹಳ್ಳಿಯವರಿಗೂ ಹೊಸದಲ್ಲ. ಆದರೆ ಬದುಕಿರುವ ಮನುಷ್ಯನ ಬೆನ್ನುಹುರಿಯನ್ನು ಕತ್ತಿ ತಾಗಿಸದೆ ಹೀಗೆ ನೋಡಲು ಸಾಧ್ಯವಾಗಿ ಇನ್ನೂ ಅರ್ಧ ಶತಮಾನವೂ ಆಗಿಲ್ಲ. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲು, ಯಂತ್ರವಿಲ್ಲದ ಕಾಲದಲ್ಲಿ, ಬೆನ್ನುಹುರಿಯೊಳಗೆ ಏನಾಗುತ್ತಿದೆ ಎಂದು ತಿಳಿಯಲು ರೋಗಿಗಳನ್ನು ವರ್ಷಗಟ್ಟಲೆ ನೋಡುತ್ತ ಕುಳಿತ ಒಬ್ಬ ವೈದ್ಯರಿದ್ದರು. ಅವರೇ ಫ್ರಾನ್ಸಿನ ಜೀನ್ ಮಾರ್ಟಿನ್ ಶಾರ್ಕೋ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಎಂಬ ನರರೋಗಕ್ಕೆ ಸ್ಪಷ್ಟ ರೂಪ ಕೊಟ್ಟವರು ಅವರು.

ಸಾರೋಟು ಕಟ್ಟುವವನ ಮಗ

ಶಾರ್ಕೋ ಹುಟ್ಟಿದ್ದು 1825ರ ನವೆಂಬರ್ 29ರಂದು ಪ್ಯಾರಿಸಿನಲ್ಲಿ. ತಂದೆ ಕುದುರೆ ಸಾರೋಟುಗಳನ್ನು ತಯಾರಿಸುವ ಕಸುಬುದಾರ. ಮನೆಯಲ್ಲಿ ಅಂಥ ಸಿರಿವಂತಿಕೆ ಇರಲಿಲ್ಲ. ಎಲ್ಲ ಮಕ್ಕಳನ್ನೂ ಮುಂದಕ್ಕೆ ಓದಿಸುವ ಶಕ್ತಿ ಇಲ್ಲದ ತಂದೆ, ಯಾರು ಶಾಲೆಯಲ್ಲಿ ಮುಂದಿರುತ್ತಾರೋ ಅವರನ್ನು ಓದಿಸುತ್ತೇನೆಂದು ತೀರ್ಮಾನಿಸಿದರಂತೆ. ಹಾಗೆ ಓದುವ ಪಾಲು ಬಂದದ್ದು ಮಾತು ಕಡಿಮೆಯ, ಚಿತ್ರ ಬರೆಯುವುದರಲ್ಲಿ ಆಸಕ್ತಿಯಿದ್ದ ಈ ಹುಡುಗನಿಗೆ. ಚಿತ್ರಕಾರನಾಗುವುದೋ ವೈದ್ಯನಾಗುವುದೋ ಎಂಬ ಹೊಯ್ದಾಟದಲ್ಲಿ ಕೊನೆಗೆ ವೈದ್ಯಕೀಯ ಗೆದ್ದಿತು. ಆದರೆ ಪೆನ್ಸಿಲನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ರೋಗಿ ನಿಲ್ಲುವ ಭಂಗಿ, ಕೈ ಸೊಟ್ಟಗಾದ ರೀತಿ, ಸೂಕ್ಷ್ಮದರ್ಶಕದಲ್ಲಿ ಕಂಡ ನರದ ಚೂರು ಎಲ್ಲವನ್ನೂ ತಾವೇ ಬರೆದಿಡುತ್ತಿದ್ದರು.

1853ರಲ್ಲಿ ಸಂಧಿವಾತದ ಬಗ್ಗೆ ಪ್ರಬಂಧ ಬರೆದು ಡಾಕ್ಟರ್ ಪದವಿ ಪಡೆದರು. ಮುಂದಿನ ಹಾದಿ ಸಲೀಸಾಗಿರಲಿಲ್ಲ. ಬೋಧಕ ಹುದ್ದೆಯ ಸ್ಪರ್ಧಾ ಪರೀಕ್ಷೆಯಲ್ಲಿ 1857ರಲ್ಲಿ ಸೋತರು. ಮುಂದೆ ಯುರೋಪಿನಾದ್ಯಂತ ಕೇಳುಗರನ್ನು ಸೆಳೆದ ಈ ಉಪನ್ಯಾಸಕ ಆಗ ಸಭೆಯ ಮುಂದೆ ಮಾತನಾಡಲು ಅಂಜುತ್ತಿದ್ದವರು. 1860ರಲ್ಲಿ ಎರಡನೆಯ ಪ್ರಯತ್ನದಲ್ಲಿ ತೇರ್ಗಡೆಯಾದರು.

ಯಾರಿಗೂ ಬೇಡವಾದ ಆಸ್ಪತ್ರೆ

1862ರಲ್ಲಿ ಅವರಿಗೆ ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೆಸರಿಗೆ ಆಸ್ಪತ್ರೆ, ನಿಜಕ್ಕೆ ನಿರ್ಗತಿಕ ಹೆಂಗಸರ ದೊಡ್ಡ ಆಶ್ರಯತಾಣ. ಹಿಂದೆ ಅಲ್ಲಿ ಮದ್ದಿನ ಕಾರ್ಖಾನೆ ಇತ್ತು. ಮದ್ದಿಗೆ ಬೇಕಾದ ಪೆಟ್ಲುಪ್ಪಿನಿಂದಲೇ ಆ ಹೆಸರು ಬಂದದ್ದು. 1656ರಲ್ಲಿ ದೊರೆ 14ನೇ ಲೂಯಿ ಅದನ್ನು ಬಡ ಹೆಂಗಸರಿಗೆ ಬಿಟ್ಟುಕೊಟ್ಟಿದ್ದ. ಶಾರ್ಕೋ ಬಂದಾಗ ಅಲ್ಲಿ ಸುಮಾರು 5,000 ಮಂದಿ ಇದ್ದರು. ಮುದುಕಿಯರು, ಅಪಸ್ಮಾರದವರು, ಬುದ್ಧಿ ಸ್ಥಿಮಿತ ತಪ್ಪಿದವರು, ಕಾಲು ಬಿದ್ದುಹೋದವರು, ಕೈ ನಡುಗುವವರು ಎಲ್ಲರೂ ಒಂದೇ ಆವರಣದಲ್ಲಿ. ಒಮ್ಮೆ ಒಳಗೆ ಹೋದವರಲ್ಲಿ ಬಹಳ ಮಂದಿ ಅಲ್ಲಿಯೇ ಸಾಯುತ್ತಿದ್ದರು.

ಹೆಸರು ಮಾಡಬೇಕೆಂಬ ವೈದ್ಯರಿಗೆ ಇದು ಬೇಡದ ಜಾಗ. ಕಾಯಿಲೆ ವಾಸಿಯಾಗಿ ಮನೆಗೆ ಹೋಗುವವರು ಕಡಿಮೆ, ಶುಲ್ಕ ಕೊಡುವವರಂತೂ ಇಲ್ಲ. ಶಾರ್ಕೋ ಮಾತ್ರ ಈ ಜಾಗವನ್ನು ಬೇರೆಯೇ ಕಣ್ಣಿನಿಂದ ನೋಡಿದ್ದರು. ಕಲಿಯುವ ದಿನಗಳಲ್ಲಿ ಅಲ್ಲಿ ಕೆಲಸ ಮಾಡಿದ್ದಾಗಲೇ, ಇಲ್ಲಿಗೆ ಮರಳಿ ಬರಬೇಕು, ಬಂದರೆ ಇಲ್ಲಿಯೇ ಉಳಿಯಬೇಕು ಎಂದು ನಿಶ್ಚಯಿಸಿದ್ದರು. ಬೇರೆ ಆಸ್ಪತ್ರೆಯಲ್ಲಿ ರೋಗಿ ವಾರವೋ ತಿಂಗಳೋ ಇದ್ದು ಹೋಗುತ್ತಾನೆ. ಇಲ್ಲಿ ಒಂದೇ ರೋಗಿಯನ್ನು ಹತ್ತು ವರ್ಷ, ಇಪ್ಪತ್ತು ವರ್ಷ ನೋಡಬಹುದು. ನಿಧಾನವಾಗಿ ಬೆಳೆಯುವ ಕಾಯಿಲೆಯನ್ನು ಅರಿಯಲು ಇದಕ್ಕಿಂತ ಬೇರೆ ದಾರಿ ಇರಲಿಲ್ಲ.

ಗೆಳೆಯ ಆಲ್ಫ್ರೆಡ್ ವುಲ್ಪಿಯನ್ ಜೊತೆ ಸೇರಿ ಅವರು ವಾರ್ಡಿನಿಂದ ವಾರ್ಡಿಗೆ ಹೋಗಿ ಅಲ್ಲಿದ್ದವರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿದರು. ಪ್ರತಿಯೊಬ್ಬರ ಹೆಸರಿನಲ್ಲೂ ಟಿಪ್ಪಣಿ ಬರೆದರು. ಯಾವ ಕಾಲು ಮೊದಲು ಸೋತಿತು, ಕಣ್ಣು ಯಾವಾಗ ಮಂಜಾಯಿತು, ನಡುವೆ ಸುಧಾರಿಸಿತೇ, ಮತ್ತೆ ಯಾವಾಗ ಕೆಟ್ಟಿತು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಅಲ್ಲಿಯವರೆಗೆ ಯಾರೂ ಹೆಸರು ಹಿಡಿದು ವಿಚಾರಿಸದಿದ್ದ ಹೆಂಗಸರ ಕಥೆ ಹೀಗೆ ಮೊದಲ ಬಾರಿಗೆ ಕಾಗದಕ್ಕೆ ಇಳಿಯಿತು. ರೋಗಿ ತೀರಿಕೊಂಡರೆ ಪೋಸ್ಟ್‌ಮಾರ್ಟಂ ಮಾಡಿ ಮಿದುಳು ಮತ್ತು ಬೆನ್ನುಹುರಿಯನ್ನು ಹೊರತೆಗೆದು, ಬದುಕಿದ್ದಾಗಿನ ಟಿಪ್ಪಣಿಯ ಪಕ್ಕಕ್ಕೆ ಇಟ್ಟು ತಾಳೆ ನೋಡುತ್ತಿದ್ದರು. ಇಂಥ ಲಕ್ಷಣಕ್ಕೆ ಬೆನ್ನುಹುರಿಯ ಇಂಥ ಭಾಗದ ಹಾನಿ ಕಾರಣ ಎಂದು ಗುರುತಿಸುವ ಶಾಸ್ತ್ರ ಬೆಳೆದದ್ದು ಹೀಗೆ.

ತಟ್ಟೆ ಒಡೆಯುತ್ತಿದ್ದ ಕೆಲಸದಾಕೆ

ಶಾರ್ಕೋ ಅವರ ಶಿಷ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ ಮುಂದೆ ಒಂದು ಸಂಗತಿಯನ್ನು ದಾಖಲಿಸಿದ್ದಾರೆ. ಶಾರ್ಕೋ ಇನ್ನೂ ಹೆಸರು ಮಾಡುವ ಮೊದಲಿನ ಮಾತು. ಅವರ ಮನೆಯಲ್ಲಿ ಕೈ ನಡುಗುವ ಒಬ್ಬ ಕೆಲಸದಾಕೆ ಇದ್ದಳು. ಸುಮ್ಮನೆ ಕುಳಿತಾಗ ಅಷ್ಟೇನೂ ಕಾಣದ ನಡುಕ, ಏನನ್ನಾದರೂ ಹಿಡಿಯಲು ಕೈ ಚಾಚಿದರೆ ಜೋರಾಗುತ್ತಿತ್ತು. ಬೇರೆ ಮನೆಗಳಲ್ಲಿ ಅವಳಿಗೆ ಕೆಲಸ ಸಿಗುವುದು ಕಷ್ಟ. ಶಾರ್ಕೋ ಮಾತ್ರ ಅವಳನ್ನು ವರ್ಷಗಳ ಕಾಲ ಇಟ್ಟುಕೊಂಡರು. ಅವಳ ಕೈಯಿಂದ ಬಿದ್ದು ಒಡೆದ ತಟ್ಟೆ, ಲೋಟಗಳಿಗೆ ಅವರು ತೆತ್ತ ದುಡ್ಡು ಸಣ್ಣದೇನಲ್ಲ. ಅವಳದು ಒಂದು ಬಗೆಯ ನಡುಕ ಕಾಯಿಲೆ ಎಂದು ಅವರು ಮೊದಲು ಎಣಿಸಿದ್ದರು. ಅವಳು ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ನರಮಂಡಲದಲ್ಲಿ ಅಲ್ಲಲ್ಲಿ ಗಡುಸಾದ ಕಲೆಗಳು ಕಂಡವು. ಆ ನಡುಕ ಯಾವ ರೋಗದ ಗುರುತು ಎಂಬುದು ಆಗ ತಿಳಿಯಿತು.

ಈ ಸಂಗತಿಯನ್ನು ಓದುವಾಗ ಎರಡು ಭಾವನೆ ಒಟ್ಟಿಗೆ ಬರುತ್ತವೆ. ಕೆಲಸಕ್ಕೆ ಬಾರದವಳೆಂದು ಹೊರಗೆ ಹಾಕದೆ ಅನ್ನ ಕೊಟ್ಟರಲ್ಲ ಎಂಬ ಸಮಾಧಾನ ಒಂದು. ಅವಳ ಸಾವಿನ ನಂತರವೇ ಉತ್ತರ ಸಿಗಬೇಕಾಯಿತಲ್ಲ ಎಂಬ ಸಂಕಟ ಇನ್ನೊಂದು. ಆ ಕಾಲದ ವೈದ್ಯವಿದ್ಯೆಯ ಮಿತಿ ಅದು. ಬದುಕಿರುವವರ ಬೆನ್ನುಹುರಿಯನ್ನು ನೋಡುವ ಕಿಟಕಿ ಆಗ ಇರಲಿಲ್ಲ.

1868ರ ಉಪನ್ಯಾಸಗಳು

ಬೆನ್ನುಹುರಿಯ ಮೇಲಿನ ಈ ಕಲೆಗಳನ್ನು ಶಾರ್ಕೋಗಿಂತ ಮೊದಲೇ ಕೆಲವರು ಕಂಡಿದ್ದರು. ಬ್ರಿಟನ್ನಿನ ರಾಬರ್ಟ್ ಕಾರ್ಸ್‌ವೆಲ್, ಫ್ರಾನ್ಸಿನ ಜೀನ್ ಕ್ರುವೇಯೆ ಇಬ್ಬರೂ 19ನೇ ಶತಮಾನದ ಮೊದಲರ್ಧದಲ್ಲಿಯೇ ಅವುಗಳ ಬಣ್ಣದ ಚಿತ್ರಗಳನ್ನು ಪ್ರಕಟಿಸಿದ್ದರು. ಆದರೆ ಆ ಕಲೆಗಳಿಗೂ ಬದುಕಿದ್ದಾಗಿನ ಲಕ್ಷಣಗಳಿಗೂ ಗಂಟು ಹಾಕಿ, ಇದು ಪ್ರತ್ಯೇಕವಾದ ಒಂದು ಕಾಯಿಲೆ ಎಂದು ಸ್ಪಷ್ಟಪಡಿಸಿದ್ದು ಶಾರ್ಕೋ ಅವರ 1868ರ ಉಪನ್ಯಾಸಗಳು. ಅವರು ಕೊಟ್ಟ ಹೆಸರು ಸ್ಕ್ಲೆರೋಸ್ ಆನ್ ಪ್ಲಾಕ್. ಚಕ್ಕೆ ಚಕ್ಕೆಯಾಗಿ ಗಡುಸಾಗುವುದು ಎಂದು ಅದರ ಅರ್ಥ.

ಕಣ್ಣುಗುಡ್ಡೆ ತಾನಾಗಿ ಅದುರುವುದು, ಏನಾದರೂ ಮಾಡಹೊರಟಾಗ ಕೈ ನಡುಗುವುದು, ಮಾತು ಅಕ್ಷರ ಅಕ್ಷರವಾಗಿ ತುಂಡರಿಸಿ ಬರುವುದು ಎಂಬ ಮೂರು ಲಕ್ಷಣಗಳನ್ನು ಅವರು ಒಟ್ಟಿಗೆ ಗುರುತಿಸಿದರು. ವೈದ್ಯಕೀಯ ಪುಸ್ತಕಗಳಲ್ಲಿ ಇಂದಿಗೂ ಇವಕ್ಕೆ ಶಾರ್ಕೋ ಅವರ ಹೆಸರೇ ಇದೆ. ಆದರೆ ಎಲ್ಲ ರೋಗಿಗಳಲ್ಲೂ ಈ ಮೂರೂ ಕಾಣುವುದಿಲ್ಲ ಎಂಬುದು ಈಗ ತಿಳಿದ ವಿಷಯ.

ಅಲ್ಲಿಯವರೆಗೆ ನಡುಗುವವರನ್ನೆಲ್ಲ ಒಂದೇ ಗುಂಪಿಗೆ ಹಾಕುವ ರೂಢಿ ಇತ್ತು. ಸುಮ್ಮನಿದ್ದಾಗ ಕೈ ನಡುಗುವುದು ಒಂದು ಕಾಯಿಲೆ, ಕೆಲಸಕ್ಕೆ ಕೈ ಎತ್ತಿದಾಗ ನಡುಗುವುದು ಇನ್ನೊಂದು ಎಂದು ಶಾರ್ಕೋ ಮತ್ತು ಅವರ ಶಿಷ್ಯ ಲಿಯೋಪೋಲ್ಡ್ ಓರ್ಡೆನ್‌ಸ್ಟೈನ್ ಬೇರ್ಪಡಿಸಿ ತೋರಿಸಿದರು. ಮೊದಲಿನದಕ್ಕೆ ಪಾರ್ಕಿನ್ಸನ್ ಕಾಯಿಲೆ ಎಂಬ ಹೆಸರು ನೆಲೆಯಾಗಲು ಕಾರಣರಾದವರೂ ಶಾರ್ಕೋ. ಉಪನ್ಯಾಸದಲ್ಲಿ ರೋಗಿಗಳ ತಲೆಗೆ ಉದ್ದನೆಯ ಗರಿ ಸಿಕ್ಕಿಸಿದ ಟೋಪಿ ಹಾಕಿಸಿ, ಗರಿಯ ಅಲುಗಾಟದಿಂದ ನಡುಕದ ವ್ಯತ್ಯಾಸವನ್ನು ಹಿಂದಿನ ಸಾಲಿನವರಿಗೂ ಕಾಣಿಸುತ್ತಿದ್ದರಂತೆ.

ಸೂಕ್ಷ್ಮದರ್ಶಕದಲ್ಲಿ ಅವರು ಕಂಡ ಸಂಗತಿ ಇನ್ನೂ ಮಹತ್ವದ್ದು. ನರದ ಎಳೆಯ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ, ವಿದ್ಯುತ್ ತಂತಿಯ ಮೇಲಿನ ರಬ್ಬರಿನಂತೆ. ಕಲೆಯಾದ ಕಡೆ ಈ ಹೊದಿಕೆ ಹೋಗಿತ್ತು, ಒಳಗಿನ ಎಳೆ ಮಾತ್ರ ಬಹಳ ಕಡೆ ಉಳಿದಿತ್ತು. ಕಲೆ ದೊಡ್ಡದಿದ್ದರೂ ಕೆಲವು ರೋಗಿಗಳಲ್ಲಿ ತೊಂದರೆ ಕಡಿಮೆ ಇರುವುದೇಕೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರದ ಎಳೆಯೊಂದು ಸಿಕ್ಕಿತು. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಈ ಹೊದಿಕೆಯ ಮೇಲೆ ಬೀಳುತ್ತದೆ ಎಂಬುದು ಮಾತ್ರ ಬಹಳ ಕಾಲದ ನಂತರ ತಿಳಿದದ್ದು.

ಔಷಧದ ವಿಷಯದಲ್ಲಿ ಶಾರ್ಕೋ ಪ್ರಾಮಾಣಿಕರು. ಚಿನ್ನದ ಲವಣ, ಸತುವಿನ ಲವಣ, ಬೆಳ್ಳಿಯ ಲವಣ, ಸ್ಟ್ರಿಕ್ನಿನ್ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಪ್ರಯೋಗಿಸಿದರು. ಯಾವುದರಿಂದಲೂ ನಿಲ್ಲುವಂಥ ಗುಣವಾಗಲಿಲ್ಲ. ಅದನ್ನು ಮುಚ್ಚಿಡದೆ ತಮ್ಮ ಉಪನ್ಯಾಸದಲ್ಲಿಯೇ ಒಪ್ಪಿಕೊಂಡರು.

ಕೀರ್ತಿಯ ದಿನಗಳು, ಒಂದು ಎಡವಟ್ಟು

ನಂತರದ ವರ್ಷಗಳಲ್ಲಿ ಶಾರ್ಕೋ ಹೆಸರು ದೇಶ ದಾಟಿತು. ಸ್ನಾಯುಗಳು ಸೊರಗುತ್ತ ಹೋಗುವ ಎ.ಎಲ್.ಎಸ್. ಕಾಯಿಲೆಯನ್ನು ವಿವರಿಸಿದ್ದು ಅವರೇ. 1872ರಲ್ಲಿ ಪ್ರಾಧ್ಯಾಪಕರಾದರು. 1882ರಲ್ಲಿ ನರರೋಗಗಳಿಗೆಂದೇ ಪ್ರತ್ಯೇಕ ಪೀಠವನ್ನು ಫ್ರಾನ್ಸ್ ಸರಕಾರ ಅವರಿಗಾಗಿ ತೆರೆಯಿತು. ಮಂಗಳವಾರದ ಅವರ ಪಾಠಗಳಿಗೆ ವೈದ್ಯರಷ್ಟೇ ಅಲ್ಲ, ಸಾಹಿತಿಗಳು, ಕಲಾವಿದರೂ ಬರುತ್ತಿದ್ದರು. ಬಾಬಿನ್ಸ್ಕಿ, ಪಿಯೇರ್ ಮಾರಿ, ಜಿಲ್ ದ ಲಾ ಟುರೆಟ್ ಮುಂತಾದ ದೊಡ್ಡ ನರರೋಗ ತಜ್ಞರು ಅವರ ಗರಡಿಯಲ್ಲಿ ಪಳಗಿದವರು. ವಿಯೆನ್ನಾದಿಂದ 1885ರಲ್ಲಿ ಬಂದ ಫ್ರಾಯ್ಡ್ ಕೆಲವು ತಿಂಗಳು ಅವರ ಬಳಿ ಇದ್ದು, ಅವರ ಉಪನ್ಯಾಸಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿದರು. ತಮ್ಮ ಮಗನಿಗೆ ಶಾರ್ಕೋ ಹೆಸರನ್ನೇ ಇಟ್ಟರು.

ಚಿತ್ರದ ಮೇಲಿನ ಪ್ರೀತಿ ಆಸ್ಪತ್ರೆಯಲ್ಲೂ ಫಲ ಕೊಟ್ಟಿತು. ಸಾಲ್ಪೆಟ್ರಿಯೇರಿನಲ್ಲಿ ಫೋಟೋ ವಿಭಾಗವೇ ಆರಂಭವಾಯಿತು. ರೋಗಿಗಳ ಫೋಟೋ ಸಂಪುಟಗಳು 1876ರಿಂದ ಪ್ರಕಟವಾಗತೊಡಗಿದವು. ಕಣ್ಣಿಗೆ ಕಂಡದ್ದನ್ನು ದಾಖಲಿಸಿಟ್ಟು, ಮತ್ತೆ ಮತ್ತೆ ಹೋಲಿಸಿ ನೋಡಬೇಕು ಎಂಬುದು ಅವರ ಪಾಠದ ತಿರುಳು.

ಆದರೆ ಇದೇ ನೋಡುವ ಕಣ್ಣು ಒಂದು ಕಡೆ ಮೋಸ ಹೋಯಿತು. ಹಿಸ್ಟೀರಿಯಾ ಎಂದು ಕರೆಯುತ್ತಿದ್ದ ತೊಂದರೆಯನ್ನು ಅರಿಯಲು ಅವರು ಹೆಂಗಸರನ್ನು ಸಮ್ಮೋಹನಕ್ಕೆ ಒಳಪಡಿಸಿ ತುಂಬಿದ ಸಭೆಯಲ್ಲಿ ತೋರಿಸತೊಡಗಿದರು. 1887ರಲ್ಲಿ ಆಂದ್ರೆ ಬ್ರುಯೆ ಬರೆದ ಪ್ರಸಿದ್ಧ ವರ್ಣಚಿತ್ರದಲ್ಲಿ ಈ ದೃಶ್ಯವನ್ನು ಕಾಣಬಹುದು. ಗುರುಗಳು ಏನನ್ನು ನಿರೀಕ್ಷಿಸುತ್ತಾರೋ ಅದನ್ನೇ ರೋಗಿಗಳು ಮಾಡಿ ತೋರಿಸುತ್ತಿದ್ದಾರೆ ಎಂಬ ಟೀಕೆ ಅವರ ಕಾಲದಲ್ಲಿಯೇ ಬಂತು. ಅವರ ಕಾಲಾನಂತರ ಬಾಬಿನ್ಸ್ಕಿ ಅವರೇ ಆ ಸಿದ್ಧಾಂತವನ್ನು ಕೈಬಿಟ್ಟರು. ಗಂಡಸರಿಗೂ ಈ ತೊಂದರೆ ಬರುತ್ತದೆ, ಇದು ನಟನೆಯಲ್ಲ ಎಂದು ಶಾರ್ಕೋ ಹೇಳಿದ್ದು ಒಳ್ಳೆಯದೇ. ಆದರೂ ಮುಂದೆ ಬಹಳ ಕಾಲ, ಕೈಕಾಲು ಜೋಮು ಹಿಡಿಯುತ್ತದೆ, ಕಣ್ಣು ಮಂಜಾಗುತ್ತದೆ ಎಂದು ಹೇಳಿಕೊಂಡ ಎಷ್ಟೋ ಎಂ.ಎಸ್. ಪೀಡಿತ ಹೆಂಗಸರ ಮೇಲೆ ಹಿಸ್ಟೀರಿಯಾ ಎಂಬ ಹಣೆಪಟ್ಟಿ ಬಿತ್ತು. ಒಳಗಿನ ಕಲೆಯನ್ನು ತೋರಿಸುವ ಪುರಾವೆ ಅವರ ಕೈಯಲ್ಲಿ ಇರಲಿಲ್ಲ.

ಮನೆಯಲ್ಲಿ ಶಾರ್ಕೋ ಗಂಭೀರ ಸ್ವಭಾವದವರು. 1864ರಲ್ಲಿ ಮದುವೆಯಾದರು, ಒಬ್ಬ ಮಗಳು, ಒಬ್ಬ ಮಗ. ಪ್ರಾಣಿಗಳೆಂದರೆ ಬಹಳ ಪ್ರೀತಿ. ಬೇಟೆಯನ್ನು ಕಂಡರೆ ಆಗುತ್ತಿರಲಿಲ್ಲ, ಮನೆಯಲ್ಲಿ ಕೋತಿಯೊಂದನ್ನೂ ಸಾಕಿದ್ದರು. ಮಗ ಜೀನ್ ಬ್ಯಾಪ್ಟಿಸ್ಟ್ ವೈದ್ಯಕೀಯ ಓದಿದರೂ ಧ್ರುವಪ್ರದೇಶಗಳ ಅನ್ವೇಷಕನಾಗಿ ಹೆಸರಾದ. 1936ರಲ್ಲಿ ಐಸ್‌ಲ್ಯಾಂಡ್ ಬಳಿ ಹಡಗು ಮುಳುಗಿ ಅವನು ತೀರಿಕೊಂಡ.

ಶಾರ್ಕೋ 1893ರ ಆಗಸ್ಟ್ 16ರಂದು ಪ್ರವಾಸದಲ್ಲಿದ್ದಾಗ, ಫ್ರಾನ್ಸಿನ ಮೊರ್ವಾನ್ ಪ್ರದೇಶದ ಸೆಟ್ಟೋನ್ ಸರೋವರದ ಬಳಿ ಶ್ವಾಸಕೋಶದಲ್ಲಿ ನೀರು ತುಂಬಿ ನಿಧನರಾದರು. ಆಗ ಅವರಿಗೆ 67 ವರ್ಷ. 1898ರಲ್ಲಿ ಆಸ್ಪತ್ರೆಯ ಮುಂದೆ ಅವರ ಕಂಚಿನ ಪ್ರತಿಮೆ ನಿಲ್ಲಿಸಲಾಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಪ್ಯಾರಿಸನ್ನು ಹಿಡಿದಿದ್ದಾಗ ಲೋಹಕ್ಕಾಗಿ ಅದನ್ನು ಕರಗಿಸಿಬಿಟ್ಟರು.

ಅವರು ಕಾಣದ ಕಿಟಕಿ

ಶಾರ್ಕೋ ತೀರಿಕೊಂಡ ಎರಡು ವರ್ಷಕ್ಕೆ, 1895ರಲ್ಲಿ ಎಕ್ಸ್-ರೇ ಬಂತು. ಆದರೆ ಅದು ಎಲುಬನ್ನು ತೋರಿಸುತ್ತದೆ, ಎಲುಬಿನೊಳಗಿನ ಬೆನ್ನುಹುರಿಯ ಕಲೆಯನ್ನಲ್ಲ. ಅದಕ್ಕೆ ಎಂ.ಆರ್.ಐ. ಬರಬೇಕಾಯಿತು. ಬಲವಾದ ಅಯಸ್ಕಾಂತದ ನಡುವೆ ಮಲಗಿಸಿ, ರೇಡಿಯೋ ಅಲೆ ಕೊಟ್ಟು, ದೇಹದೊಳಗಿನ ನೀರಿನಲ್ಲಿರುವ ಹೈಡ್ರೋಜನ್ ಕಣಗಳಿಂದ ಮರಳಿ ಬರುವ ಸಂಕೇತವನ್ನು ಚಿತ್ರವಾಗಿಸುವುದು ಈ ಯಂತ್ರದ ಕೆಲಸ. 1970ರ ದಶಕದಲ್ಲಿ ಇದಕ್ಕೆ ಬುನಾದಿ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. 1981ರಲ್ಲಿ ಲಂಡನ್ನಿನ ವೈದ್ಯರು ಬದುಕಿರುವ ಎಂ.ಎಸ್. ರೋಗಿಗಳ ಮಿದುಳಿನ ಕಲೆಗಳನ್ನು ಈ ಯಂತ್ರದಿಂದ ಕಂಡು ಪ್ರಕಟಿಸಿದರು. ಶಾರ್ಕೋ ಪೋಸ್ಟ್‌ಮಾರ್ಟಂ ಮೇಜಿನ ಮೇಲೆ ಕಂಡದ್ದು ಈಗ ರೋಗಿ ಎದ್ದು ಮನೆಗೆ ಹೋಗುವ ಮೊದಲೇ ಕಾಣತೊಡಗಿತು.

ಬೆನ್ನುಹುರಿಯ ಚಿತ್ರ ತೆಗೆಯುವುದು ಮಾತ್ರ ಮಿದುಳಿನ ಚಿತ್ರದಷ್ಟು ಸುಲಭವಲ್ಲ. ಹುರಿಯ ದಪ್ಪ ನಮ್ಮ ಕಿರುಬೆರಳಿನಷ್ಟು, ಉದ್ದ ಸುಮಾರು 45 ಸೆಂಟಿಮೀಟರ್. ಉಸಿರಾಟ, ಹೃದಯದ ಬಡಿತ, ಸುತ್ತಲಿನ ದ್ರವದ ಹರಿವು ಎಲ್ಲವೂ ಚಿತ್ರವನ್ನು ಅಲುಗಿಸುತ್ತವೆ. ಆದರೂ ಅದರಿಂದ ಸಿಗುವ ಮಾಹಿತಿ ದೊಡ್ಡದು. ಕಾಲಿಗೆ, ಕೈಗೆ, ಮೂತ್ರಕೋಶಕ್ಕೆ ಹೋಗುವ ಎಲ್ಲ ನರಗಳೂ ಈ ಸಣ್ಣ ಹುರಿಯಲ್ಲಿ ಒತ್ತೊತ್ತಾಗಿ ಹಾದುಹೋಗುತ್ತವೆ. ಇಲ್ಲಿ ಒಂದು ಸಣ್ಣ ಕಲೆಯಾದರೂ ನಡಿಗೆ ಕೆಡಬಹುದು.

ಕಾಲ ಕಳೆದಂತೆ ರೋಗ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ತಜ್ಞರು ಮುಖ್ಯವಾಗಿ ಎರಡು ಸಂಗತಿ ನೋಡುತ್ತಾರೆ. ಹಳೆಯ ಚಿತ್ರದಲ್ಲಿ ಇಲ್ಲದ ಹೊಸ ಕಲೆ ಬಂದಿದೆಯೇ ಎಂಬುದು ಒಂದು. ಹುರಿ ಸಣ್ಣಗಾಗುತ್ತಿದೆಯೇ ಎಂಬುದು ಇನ್ನೊಂದು. ಕುತ್ತಿಗೆಯ ಮೇಲ್ಭಾಗದಲ್ಲಿ ಒಂದೇ ಜಾಗದಲ್ಲಿ ಹುರಿಯ ಅಡ್ಡಳತೆ ತೆಗೆದು, ವರ್ಷಗಳ ನಂತರ ಮತ್ತೆ ತೆಗೆದು ಹೋಲಿಸುತ್ತಾರೆ. ಎಂ.ಎಸ್. ಇರುವವರಲ್ಲಿ ಇದು ಸರಾಸರಿ ವರ್ಷಕ್ಕೆ ಶೇಕಡ 1ರಿಂದ 2ರಷ್ಟು ಸಣ್ಣಗಾಗುವುದು ಅಧ್ಯಯನಗಳಲ್ಲಿ ಕಂಡಿದೆ. ಹುರಿ ಸೊರಗುವುದಕ್ಕೂ ನಡಿಗೆ ಕುಂಠಿತವಾಗುವುದಕ್ಕೂ ನಿಕಟ ಸಂಬಂಧವಿದೆ. ಆದರೆ ಈ ಅಳತೆ ಇನ್ನೂ ಹೆಚ್ಚಾಗಿ ಸಂಶೋಧನೆಯಲ್ಲಿ ಬಳಕೆಯಲ್ಲಿದೆ. ದಿನನಿತ್ಯದ ಚಿಕಿತ್ಸೆಯಲ್ಲಿ ಮಿದುಳಿನ ಸ್ಕ್ಯಾನನ್ನು ಆಗಾಗ ಮಾಡಿಸುತ್ತಾರೆ. ಬೆನ್ನುಹುರಿಯ ಸ್ಕ್ಯಾನ್ ರೋಗ ಪತ್ತೆಯ ಸಮಯದಲ್ಲಿ, ನಂತರ ಅಗತ್ಯ ಕಂಡಾಗ.

ರೋಗ ಪತ್ತೆಗೆ ಈಗ ಜಗತ್ತಿನಾದ್ಯಂತ ಬಳಸುವುದು ಮೆಕ್‌ಡೊನಾಲ್ಡ್ ನಿಯಮಾವಳಿ. 2001ರಲ್ಲಿ ಬಂದ ಇದು ಹಲವು ಬಾರಿ ಪರಿಷ್ಕರಣೆಯಾಗಿದೆ. ನರಮಂಡಲದ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಹಾನಿಯಾಗಿದೆಯೇ ಎಂದು ನೋಡುವುದು ಅದರ ಮೂಲ ಸೂತ್ರ. ಇದು ಸಾಲ್ಪೆಟ್ರಿಯೇರಿನ ವಾರ್ಡುಗಳಲ್ಲಿ ಶಾರ್ಕೋ ಮಾಡಿದ ಕೆಲಸದ ಮುಂದುವರಿಕೆಯೇ. ಅವರು ವರ್ಷಗಟ್ಟಲೆ ಕಾದು ಟಿಪ್ಪಣಿ ಜೋಡಿಸಿದರು, ಇಂದಿನವರು ಚಿತ್ರ ಜೋಡಿಸುತ್ತಾರೆ.

ಔಷಧವೂ ಬಂದಿದೆ. ರೋಗ ಮರುಕಳಿಸುವುದನ್ನು ಕಡಿಮೆ ಮಾಡುವ ಮೊದಲ ಔಷಧ ಬೀಟಾ ಇಂಟರ್‌ಫೆರಾನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1993ರಲ್ಲಿ, ಶಾರ್ಕೋ ತೀರಿಕೊಂಡು ಸರಿಯಾಗಿ ನೂರು ವರ್ಷಕ್ಕೆ. ಈಗ ಅದಕ್ಕಿಂತ ಪರಿಣಾಮಕಾರಿಯಾದವು ಹಲವು ಇವೆ. ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಬೇಗ ಪತ್ತೆಯಾದಷ್ಟೂ ಉಳಿಸಿಕೊಳ್ಳುವುದು ಹೆಚ್ಚು. 2020ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 28 ಲಕ್ಷ ಜನರಿಗೆ ಈ ಕಾಯಿಲೆ ಇದೆ, ಅವರಲ್ಲಿ ಹೆಂಗಸರೇ ಹೆಚ್ಚು. ಭಾರತದಲ್ಲಿ ಇದು ಅಪರೂಪ ಎಂಬ ನಂಬಿಕೆ ಹಿಂದೆ ಇತ್ತು. ಎಂ.ಆರ್.ಐ. ಯಂತ್ರಗಳು ಹೆಚ್ಚಿದ ಮೇಲೆ ಪತ್ತೆಯಾಗುವವರೂ ಹೆಚ್ಚಿದ್ದಾರೆ.

ಓದುಗರು ಈ ಜೀವನಕಥೆಯಿಂದ ಮನೆಗೆ ಒಯ್ಯಬಹುದಾದ ಒಂದು ಮಾತಿದೆ. ನಮ್ಮಲ್ಲಿ ಹಳೆಯ ಸ್ಕ್ಯಾನ್ ಲಕೋಟೆಗಳು ಅಟ್ಟ ಸೇರುತ್ತವೆ, ಇಲ್ಲವೇ ಮಳೆನೀರು ತಾಗಿ ಅಂಟಿಕೊಳ್ಳುತ್ತವೆ. ಒಂದು ರಾಜ್ಯದ ಆಸ್ಪತ್ರೆಯಲ್ಲಿ ತೆಗೆಸಿದ್ದು ಇನ್ನೊಂದು ರಾಜ್ಯದ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲೇ ಉಳಿಯುತ್ತದೆ. ಎಂ.ಎಸ್. ನಂಥ ಕಾಯಿಲೆಯಲ್ಲಿ ಒಂದೇ ಚಿತ್ರದಿಂದ ಅರ್ಧ ಕಥೆ ಮಾತ್ರ ತಿಳಿಯುತ್ತದೆ. ಎರಡನ್ನು ಪಕ್ಕಪಕ್ಕ ಇಟ್ಟಾಗಲೇ ರೋಗ ನಿಂತಿದೆಯೋ ನಡೆಯುತ್ತಿದೆಯೋ ಎಂದು ವೈದ್ಯರಿಗೆ ಕಾಣುವುದು. ಫಿಲ್ಮು, ಸಿ.ಡಿ., ವರದಿ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಡಿ. ಕಾಲು ಯಾವಾಗ ಜೋಮಾಯಿತು, ಕಣ್ಣು ಯಾವಾಗ ಮಂಜಾಯಿತು ಎಂದು ಕನ್ನಡದಲ್ಲೇ ಆಗಲಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ತಟ್ಟೆ ಒಡೆಯುತ್ತಿದ್ದ ಆ ಹೆಂಗಸಿಗೆ ಅವಳ ಕಾಯಿಲೆಯ ಹೆಸರು ಬದುಕಿದ್ದಾಗ ತಿಳಿಯಲಿಲ್ಲ. ಇಂದು ಅವಳಂತೆ ಕೈ ನಡುಗುವ ಹೆಣ್ಣುಮಗಳೊಬ್ಬಳು ಸ್ಕ್ಯಾನ್ ಮಾಡಿಸಿಕೊಂಡು ಸಂಜೆ ಬಸ್ಸಿಗೆ ಊರಿಗೆ ಮರಳಬಹುದು, ಹೆಸರನ್ನೂ ಔಷಧವನ್ನೂ ಜೊತೆಗೆ ತರಬಹುದು. ಅವಳ ಲಕೋಟೆಯೊಳಗಿನ ಚಿತ್ರವನ್ನು ಓದುವ ವಿದ್ಯೆಗೆ ಅಡಿಪಾಯ ಹಾಕಿದವರು ಶಾರ್ಕೋ, ಮತ್ತು ಹೆಸರೂ ಉಳಿಯದ ಸಾಲ್ಪೆಟ್ರಿಯೇರಿನ ಆ ಬಡ ಹೆಂಗಸರು.